ಕೌಂಟರ್ ಬಿಟ್ಟು ಎದ್ದು ಬಂದ ಮೇಲೆ

ಲೈಬ್ರರಿಯಲ್ಲಿ ಹದಿಹರೆಯದವರ ವಿಭಾಗ ನನ್ನ ಕೈಗೆ ಬಂದಾಗ ನಾನು ಮಾಡಿದ ಮೊದಲ ಕೆಲಸ ಒಂದು ಪಟ್ಟಿ. ‘ಹದಿನೆಂಟು ತುಂಬುವುದರೊಳಗೆ ಓದಲೇಬೇಕಾದ 30 ಪುಸ್ತಕಗಳು’. ಒಂದು ವಾರ ಕೂತು ಮಾಡಿದ್ದೆ. ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ಬಾಗಿಲ ಎದುರೇ ಅಂಟಿಸಿದೆ. ಮೂರು ತಿಂಗಳಾದ ಮೇಲೆ ಲೆಕ್ಕ ತೆಗೆದರೆ ಮೂವತ್ತರಲ್ಲಿ ಹೊರಗೆ ಹೋಗಿದ್ದು ಎರಡು. ಅದರಲ್ಲೂ ಒಂದನ್ನು ಒಯ್ದವರು ಒಬ್ಬ ಮೇಷ್ಟ್ರು.

ಮೊಬೈಲ್ ಚಾರ್ಜ್ ಮಾಡಿಕೊಳ್ಳಲು ದಿನಾ ಬರುತ್ತಿದ್ದ ಹುಡುಗನೊಬ್ಬ ಆ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: “ಸರ್, ಇದು ಪರೀಕ್ಷೆಗೆ ಬರುತ್ತಾ?”

ಕುಚೋದ್ಯ ಅಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ. ಬರಲ್ಲ ಅಂದೆ. “ಮತ್ತೆ ಓದಲೇಬೇಕು ಅಂತ ಯಾಕಿದೆ?” ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಹೋಗಿ ಪಟ್ಟಿಯನ್ನು ಮತ್ತೆ ಬಿಡಿಸಿ ನೋಡಿದೆ. ಅರ್ಧ ಪುಸ್ತಕ ನಾನು ಓದಿದ್ದೇ ಮೂವತ್ತು ದಾಟಿದ ಮೇಲೆ. ನಾಲ್ಕೈದನ್ನು, ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಪೂರ್ತಿ ಓದಿರಲಿಲ್ಲ. ಮಾರನೇ ದಿನ ಪಟ್ಟಿ ಕಿತ್ತು ಹಾಕಿದೆ.

ಪಟ್ಟಿ ಹೋದ ಮೇಲೆ ಕೇಳುವುದೊಂದೇ ದಾರಿ. ಅಲ್ಲೂ ಎಡವಿದೆ. “ನಿಂಗೆ ಎಂಥ ಪುಸ್ತಕ ಇಷ್ಟ?” ಅಂದರೆ ಹದಿನಾಲ್ಕರ ಹುಡುಗ “ಗೊತ್ತಿಲ್ಲ” ಅನ್ನುತ್ತಾನೆ, ಜಾಗ ಖಾಲಿ ಮಾಡುತ್ತಾನೆ. ಆ ಪ್ರಶ್ನೆಗೆ ಉತ್ತರ ಗೊತ್ತಿರುವವರಿಗೆ ನಾನು ಬೇಕಾಗೇ ಇಲ್ಲ ಅಲ್ವಾ? ಅವರು ಸೀದಾ ಕಪಾಟಿಗೆ ಹೋಗುತ್ತಾರೆ. ಈಗ ನಾನು ಕೇಳುವುದು ಬೇರೆ: “ಈಚೆಗೆ ನಿದ್ದೆಗೆಟ್ಟು ಏನು ನೋಡಿದೆ? ಏನು ಆಡಿದೆ?” ಇದಕ್ಕೆ ಎಲ್ಲರ ಹತ್ತಿರವೂ ಉತ್ತರ ಇದೆ. ಆದರೆ ಕೌಂಟರ್ ಹಿಂದೆ ಕೂತು ಕೇಳಬಾರದು. ಅಲ್ಲಿಂದ ಕೇಳಿದರೆ ವಿಚಾರಣೆ ಥರ ಆಗುತ್ತದೆ. ಪುಸ್ತಕ ಜೋಡಿಸುವ ನೆಪದಲ್ಲಿ ಗಾಡಿ ತಳ್ಳಿಕೊಂಡು ಹೋಗಿ ಪಕ್ಕದಲ್ಲಿ ನಿಲ್ಲುತ್ತೇನೆ. ಎದುರುಬದುರು ಅಲ್ಲ, ಇಬ್ಬರ ಮುಖವೂ ಕಪಾಟಿನ ಕಡೆ.

ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಹೇಳಿದ ಒಂದು ಮಾತು ಇಲ್ಲಿ ತುಂಬಾ ಉಪಯೋಗಕ್ಕೆ ಬಂತು. ಪುಸ್ತಕದೊಳಗೆ ಹೋಗಲು ನಾಲ್ಕು ಬಾಗಿಲಿವೆಯಂತೆ: ಕಥೆ, ಪಾತ್ರ, ಕಥೆ ನಡೆಯುವ ಜಾಗ, ಭಾಷೆ. ಒಬ್ಬೊಬ್ಬರು ಒಂದೊಂದು ಬಾಗಿಲಿಂದ ಹೋಗುತ್ತಾರೆ. ಯಾವ ಬಾಗಿಲು ಅಂತ ತಿಳಿಯದೆ ವಿಷಯ ನೋಡಿ ಪುಸ್ತಕ ಕೊಟ್ಟರೆ ಕೈತಪ್ಪುತ್ತದೆ.

ಒಬ್ಬಳು ಹುಡುಗಿ ಹೇಳಿದಳು, “ಒಂದು ಗೇಮ್ ಸರ್. ಹಿಮದಲ್ಲಿ ಸಿಕ್ಕಿಹಾಕಿಕೊಂಡು ಬದುಕಬೇಕು.” ಸಾಹಸ, ಹೊಡೆದಾಟ ಇರಬೇಕು ಅಂದುಕೊಂಡು ಒಂದು ಕಾದಂಬರಿಗೆ ಕೈ ಹಾಕುತ್ತಿದ್ದೆ. ಪುಣ್ಯಕ್ಕೆ ಇನ್ನೊಂದು ಪ್ರಶ್ನೆ ಕೇಳಿದೆ. ಆಟದಲ್ಲಿ ಏನು ಇಷ್ಟ? “ಹೊಡೆದಾಟ ಬೋರು. ಬೆಂಕಿ ಹಚ್ಚೋದು, ಮ್ಯಾಪ್ ನೋಡೋದು, ಇರೋ ಸಾಮಾನಲ್ಲೇ ದಿನ ತಳ್ಳೋದು ಇಷ್ಟ.” ಅಂದರೆ ಅವಳಿಗೆ ಬೇಕಾಗಿದ್ದು ಜಾಗ. ಕೈ ಹಿಂದೆ ತೆಗೆದು, ಧ್ರುವ ಪ್ರದೇಶದ ಅನ್ವೇಷಕ ಶ್ಯಾಕಲ್‌ಟನ್ ಅಂಟಾರ್ಕ್ಟಿಕಾ ಯಾತ್ರೆಯ ಒಂದು ಪುಸ್ತಕ ಕೊಟ್ಟೆ. ಒಳಗೆ ನಕ್ಷೆ ಇತ್ತು, ಫೋಟೋ ಇದ್ದವು. 1915ರಲ್ಲಿ ಅವರ ‘ಎಂಡ್ಯೂರೆನ್ಸ್’ ಹಡಗು ಹಿಮದ ನಡುವೆ ಸಿಕ್ಕಿ, ನುಜ್ಜಾಗಿ ಮುಳುಗಿತು. ಹಡಗಿನಲ್ಲಿದ್ದ 28 ಮಂದಿಯೂ ಬದುಕಿ ಬಂದರು. ಅದು ಕಥೆಯಲ್ಲ, ನಡೆದದ್ದು.

ಹತ್ತು ದಿನ ಬಿಟ್ಟು ಬಂದಳು. ಪುಸ್ತಕ ಹೇಗಿತ್ತು ಅಂತ ನಾನು ಕೇಳಲಿಲ್ಲ. ಅವಳೇ ಕೇಳಿದಳು: “ಆ ಹಡಗು ಈಗ ಎಲ್ಲಿದೆ?” 2022ರ ಮಾರ್ಚ್‌ನಲ್ಲಿ ಸಿಕ್ಕಿತು, ಸುಮಾರು 3000 ಮೀಟರ್ ಆಳದಲ್ಲಿ, ಹೆಸರು ಓದಲು ಬರುವಷ್ಟು ಚೆನ್ನಾಗಿದೆ ಅಂದೆ. ಅಲ್ಲಿಂದ ಅವಳು ಆಳ ಸಮುದ್ರದ ಪುಸ್ತಕಕ್ಕೆ ಹೋದಳು. ಅಲ್ಲಿಂದ ಇನ್ನೆಲ್ಲಿಗೋ. ಆಮೇಲೆ ಅವಳಿಗೆ ನಾನು ಪುಸ್ತಕ ಹುಡುಕಿ ಕೊಟ್ಟಿದ್ದೇ ಇಲ್ಲ.

ಕೊಡುವಾಗ ಒಂದೇ ಪುಸ್ತಕ ಕೊಡಬಾರದು ಅನ್ನುವುದು ನಾನು ಕಷ್ಟಪಟ್ಟು ಕಲಿತ ಪಾಠ. ಒಂದು ಕೊಟ್ಟರೆ ಅದು ಒತ್ತಾಯ. ಮೂರು ಕೊಟ್ಟರೆ ಆಯ್ಕೆ. ಒಂದು ಅವರು ಕೇಳಿದ್ದಕ್ಕೆ ಹತ್ತಿರದ್ದು, ಒಂದು ಸ್ವಲ್ಪ ದೂರದ್ದು, ಒಂದು ತೆಳ್ಳಗಿನದು. ಮೂರನ್ನೂ ಮೇಜಿನ ಮೇಲಿಟ್ಟು ಅಲ್ಲಿಂದ ಹೊರಟುಬಿಡಬೇಕು. ಎದುರಿಗೆ ನಿಂತರೆ ನಮ್ಮ ಮುಖ ನೋಡಿ ಆರಿಸುತ್ತಾರೆ. ತೆಳ್ಳಗಿನದನ್ನು ಕಡಿಮೆ ಅಂದುಕೊಳ್ಳಬೇಡಿ. ನಾನು ಕೊಟ್ಟಿದ್ದರಲ್ಲಿ ಜಾಸ್ತಿ ಮನೆಗೆ ಹೋಗಿರುವುದು ಅದೇ.

ಪರ್ಲ್ ಅವರದೇ ಇನ್ನೊಂದು ಲೆಕ್ಕವನ್ನು ಎಲ್ಲರಿಗೂ ಹೇಳುತ್ತೇನೆ. 50 ಪುಟ ಓದಿ, ಹಿಡಿಸದಿದ್ದರೆ ಬಿಟ್ಟುಬಿಡಿ. ವಯಸ್ಸು ಐವತ್ತು ದಾಟಿದವರು ನೂರರಲ್ಲಿ ವಯಸ್ಸು ಕಳೆದು ಉಳಿದಷ್ಟು ಪುಟ ಓದಿದರೆ ಸಾಕು. ನನಗೀಗ 53. ನನ್ನ ಪಾಲಿಗೆ 47 ಪುಟ. ಇದನ್ನು ಹೇಳಿದಾಗ ಮಕ್ಕಳು ಮೊದಲು ನಗುತ್ತಾರೆ, ಆಮೇಲೆ ಅನುಮಾನದಿಂದ ನೋಡುತ್ತಾರೆ. ಪುಸ್ತಕ ಅರ್ಧಕ್ಕೆ ಬಿಡಬಹುದು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಒಂದು ಪುಸ್ತಕ ಮುಗಿಸಲಾಗದೆ, ವಾಪಸು ಕೊಡಲು ಮುಜುಗರವಾಗಿ, ಲೈಬ್ರರಿಗೇ ಬರುವುದು ಬಿಟ್ಟವರು ಎಷ್ಟೋ ಮಂದಿ.

ಕಿತ್ತ ಪಟ್ಟಿಯ ಜಾಗದಲ್ಲಿ ಒಂದು ಚಿಕ್ಕ ಕಪಾಟು ಇಟ್ಟೆ. ಪುಸ್ತಕದ ಬೆನ್ನಲ್ಲ, ಮುಖಪುಟ ಕಾಣುವ ಹಾಗೆ. ಮೇಲೆ ‘ಇಪ್ಪತ್ತಾಗುವ ಮುಂಚೆ ಬರೆದವರು’ ಅಂತ ಚೀಟಿ. ಆನ್ ಫ್ರಾಂಕ್‌ಗೆ ಡೈರಿ ಸಿಕ್ಕಿದ್ದು 1942ರಲ್ಲಿ, ಹದಿಮೂರನೇ ಹುಟ್ಟುಹಬ್ಬಕ್ಕೆ. ಮುಂದೆ ಪುಸ್ತಕ ಮಾಡಬೇಕು ಅಂತ 1944ರಲ್ಲಿ ಅದನ್ನು ತಾನೇ ತಿದ್ದಿ ಬರೆಯಲು ಕೂತಳು. ಮೇರಿ ಶೆಲ್ಲಿ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯ ರಾಕ್ಷಸನ ಕಥೆ ಶುರು ಮಾಡಿದಾಗ ಅವಳಿಗೆ 18. ಅಮೆರಿಕದ ಲೇಖಕಿ ಎಸ್. ಇ. ಹಿಂಟನ್ ಮೊದಲ ಕಾದಂಬರಿ ‘ದಿ ಔಟ್‌ಸೈಡರ್ಸ್’ಗೆ ಕೈ ಹಾಕಿದ್ದು ಹದಿನೈದರಲ್ಲಿ, 1967ರಲ್ಲಿ ಅದು ಅಚ್ಚಾದಾಗ 18. ಪುಸ್ತಕದ ಸಾರಾಂಶ ಬರೆಯಲಿಲ್ಲ. ಪ್ರತಿ ಪುಸ್ತಕದ ಮುಂದೆ ಬರೀ ಆ ವಯಸ್ಸು ಬರೆದೆ, ದೊಡ್ಡ ಅಂಕಿಯಲ್ಲಿ. ಬೆನ್ನುಡಿ ಓದದವರು ಅಂಕಿ ನೋಡಿ ನಿಲ್ಲುತ್ತಿದ್ದರು. ತಮ್ಮ ವಯಸ್ಸನ್ನು ಕಳೆದು ನೋಡುವುದು ಕಣ್ಣಲ್ಲೇ ಗೊತ್ತಾಗುತ್ತಿತ್ತು.

ಕಾಮಿಕ್ಸ್ ವಿಷಯದಲ್ಲಿ ದೊಡ್ಡವರ ಹತ್ತಿರ ಜಗಳ ಆಡಿ ಆಡಿ ಸಾಕಾಗಿದೆ. ಅದೂ ಓದೇ. ಜಪಾನಿನ ಮಾಂಗಾ ಮೊದಲ ಸಲ ಕೈಗೆ ಬಂದಾಗ ನಾನು ಕೊನೆಯ ಪುಟದಿಂದ ಓದುತ್ತಾ ಕೂತಿದ್ದೆ. “ಸರ್, ಆ ಕಡೆಯಿಂದ” ಅಂತ ಒಬ್ಬ ಹುಡುಗ ಪುಸ್ತಕ ತಿರುಗಿಸಿ ಕೊಟ್ಟ. ಬಲದಿಂದ ಎಡಕ್ಕೆ ಓದಬೇಕಂತೆ. ಸರಣಿಗಳ ಬಗ್ಗೆ ಒಂದು ಮಾತು, ಈ ಕೆಲಸ ಮಾಡುವವರಿಗೆ: ಮೂರನೇ ಭಾಗ ಕಳೆದುಹೋದರೆ ಮುಂದಿನ ಬಜೆಟ್‌ಗೆ ಕಾಯಬೇಡಿ, ತಕ್ಷಣ ತರಿಸಿ. ಇಲ್ಲದಿದ್ದರೆ ನಾಲ್ಕರಿಂದ ಹನ್ನೆರಡರವರೆಗೆ ಎಲ್ಲವೂ ಸುಮ್ನೆ ಧೂಳು ತಿನ್ನುತ್ತವೆ. ನಮ್ಮಲ್ಲಿ ಒಂದಿಡೀ ಸಾಲು ಹಾಗೆ ಸತ್ತಿತ್ತು. ಯಾರೂ ಓದಲ್ಲ ಅಂತ ನಾವೇ ತೆಗೆದುಹಾಕುವವರಿದ್ದೆವು.

ಈಗ ನಾನು ಮಾಡಿದ ದೊಡ್ಡ ತಪ್ಪು. ಒಬ್ಬಳು ಹುಡುಗಿ, ಹದಿನಾರು ಇರಬಹುದು, ಖಿನ್ನತೆಯ ಬಗ್ಗೆ ಒಂದು ಪುಸ್ತಕ ಒಯ್ದಳು. ವಾಪಸು ಕೊಡುವುದು ತಡವಾಯಿತು. ನಮ್ಮ ಸಾಫ್ಟ್‌ವೇರ್ ತನ್ನ ಪಾಡಿಗೆ ತಾನು ಸಂದೇಶ ಕಳಿಸಿತು, ಪುಸ್ತಕದ ಹೆಸರಿನ ಸಮೇತ. ಸದಸ್ಯತ್ವದ ಅರ್ಜಿಯಲ್ಲಿದ್ದ ನಂಬರ್ ಅವಳ ತಂದೆಯದು. ಪುಸ್ತಕ ಮಾರನೇ ದಿನವೇ ಬಂತು, ಬೇರೆ ಯಾರದೋ ಕೈಯಲ್ಲಿ. ಅವಳು ಮತ್ತೆ ಬರಲಿಲ್ಲ. ಸಂದೇಶದಲ್ಲಿ ಏನೇನಿರಬೇಕು ಅಂತ ಸೆಟ್ ಮಾಡಿದ್ದು ನಾನೇ. ಹೆಸರು ಇದ್ದರೆ ಹುಡುಕಲು ಸುಲಭ ಅಂತ ಮಾಡಿದ್ದು. ಈಗ ಸಂದೇಶ ಇಷ್ಟೇ: ‘ಒಂದು ಪುಸ್ತಕ ಬಾಕಿ ಇದೆ.’

ಆಮೇಲೆ ಗಮನಿಸಲು ಶುರು ಮಾಡಿದೆ. ಅವರಿಗೆ ತೀರಾ ಬೇಕಾದ ಪುಸ್ತಕಗಳನ್ನು ಅವರು ಕೇಳುವುದಿಲ್ಲ. ಕೌಂಟರಿಗೂ ತರುವುದಿಲ್ಲ. ಅದಕ್ಕೇ ಒಂದು ಬುಕ್‌ಮಾರ್ಕ್ ಮಾಡಿಸಿದೆ. ವಿಷಯ ನೋಡಿ ಪುಸ್ತಕಕ್ಕೆ ನಂಬರ್ ಕೊಡುವ ಡ್ಯೂಯಿ ದಶಮಾಂಶ ಪದ್ಧತಿ 1876ರಿಂದ ಇದೆ, ಲೈಬ್ರರಿಯವರಿಗೆ ಮಾತ್ರ ಅರ್ಥವಾಗುವ ಗುಟ್ಟಿನ ಭಾಷೆ ಥರ ಉಳಿದುಬಿಟ್ಟಿದೆ. ಆ ಗುಟ್ಟನ್ನು ಮಕ್ಕಳ ಕೈಗೆ ಕೊಟ್ಟೆ. ದೆವ್ವ 133.1. ಹಾರುವ ತಟ್ಟೆ 001.942. ಕಾಮಿಕ್ಸ್ 741.5. ಆಟ 796. ಇವುಗಳ ನಡುವೆಯೇ, ಅದೇ ಅಕ್ಷರದಲ್ಲಿ, ಮೈ ಬೆಳೆಯುವುದು 612.6, ಖಿನ್ನತೆ 616.8527, ಅಪ್ಪ ಅಮ್ಮ ಬೇರೆಯಾಗುವುದು 306.89, ಕುಡಿತ ಮತ್ತು ಮಾದಕ ವಸ್ತು 362.29, ತೀರಿಕೊಂಡವರ ದುಃಖ 155.937. ಬರೀ ಕಷ್ಟದ ವಿಷಯಗಳನ್ನು ಹಾಕಿದ್ದರೆ ಯಾರೂ ಕೈಯಲ್ಲಿ ಹಿಡಿಯುತ್ತಿರಲಿಲ್ಲ. ದೆವ್ವ ಇರುವುದರಿಂದ ಯಾರು ಬೇಕಾದರೂ ಜೇಬಿಗೆ ಹಾಕಿಕೊಳ್ಳಬಹುದು.

ಆ ಪುಸ್ತಕಗಳು ಈಗಲೂ ಮನೆಗೆ ಹೋಗುವುದು ಕಡಿಮೆ. ಬರೀ ಎರವಲು ಲೆಕ್ಕ ನೋಡಿದರೆ ಯಾರಿಗೂ ಬೇಡ ಅನ್ನಿಸುತ್ತದೆ. ಹಾಗಾಗಿ ಸಂಜೆ ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕಗಳನ್ನೂ ಸ್ಕ್ಯಾನ್ ಮಾಡಿ ಲೆಕ್ಕಕ್ಕೆ ಸೇರಿಸುತ್ತೇನೆ. ಒಮ್ಮೆ 155.937ರ ಒಂದು ಪುಸ್ತಕ ಕಾಣೆಯಾಗಿತ್ತು. ಸ್ಟಾಕ್ ವೆರಿಫಿಕೇಶನ್ ಹೊತ್ತಿಗೆ ವಿಶ್ವಕೋಶಗಳ ಹಿಂದೆ ಸಿಕ್ಕಿತು. ಒಳಗೆ ನಮ್ಮದೇ ಬುಕ್‌ಮಾರ್ಕ್, 62ನೇ ಪುಟದಲ್ಲಿ. ಯಾರೋ ದಿನಾ ಬಂದು ಸ್ವಲ್ಪ ಸ್ವಲ್ಪ ಓದಿ ಅಲ್ಲೇ ಬಚ್ಚಿಡುತ್ತಿದ್ದರು. ರಿಜಿಸ್ಟರಿನಲ್ಲಿ ‘ಇದೆ’ ಅಂತ ಬರೆದು ಪುಸ್ತಕವನ್ನು ಅಲ್ಲೇ ವಾಪಸಿಟ್ಟೆ. ಮುಂದಿನ ವಾರ ಬುಕ್‌ಮಾರ್ಕ್ ಎಂಬತ್ತು ದಾಟಿತ್ತು. ಓದುಗರ ಸಮಯ ಉಳಿಸಿ ಅನ್ನುತ್ತದೆ ನಮ್ಮ ದೇಶದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು ಲೈಬ್ರರಿಗಳಿಗಾಗಿ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಒಂದು. ಪುಸ್ತಕ ಅದರ ಜಾಗದಲ್ಲೇ ಇರಬೇಕು ಅನ್ನುವುದು ಅದಕ್ಕೇ. ಆ ಎರಡು ತಿಂಗಳು ಅದರ ಜಾಗ ವಿಶ್ವಕೋಶದ ಹಿಂದೆಯೇ ಇತ್ತು ಅಂತ ನಾನು ಅಂದುಕೊಂಡಿದ್ದೇನೆ.

ಇ-ಪುಸ್ತಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುಟೆನ್‌ಬರ್ಗ್ ಪ್ರಾಜೆಕ್ಟ್ 1971ರಿಂದ ಇದೆ, ಹಕ್ಕು ಮುಗಿದ ಪುಸ್ತಕಗಳು ಉಚಿತ. ಲಿಬ್ರಿವಾಕ್ಸ್‌ನಲ್ಲಿ 2005ರಿಂದ ಸ್ವಯಂಸೇವಕರು ಅಂಥವನ್ನೇ ಓದಿ ಧ್ವನಿಮುದ್ರಿಸುತ್ತಿದ್ದಾರೆ. ಹಳೇ ಭಾಷೆ, ಈ ವಯಸ್ಸಿನವರಿಗೆ ಅಷ್ಟಾಗಿ ಒಗ್ಗುವುದಿಲ್ಲ. ಭೂತದ ಸಣ್ಣಕಥೆಗಳು ಮಾತ್ರ ಓಡುತ್ತವೆ. ಆದರೆ ಅಕ್ಷರ ಗೋಜಲಾಗಿ ಕಾಣುವ, ನಿಧಾನಕ್ಕೆ ಓದುವ ಮಕ್ಕಳಿಗೆ ಕಿವಿಗೆ ಧ್ವನಿ, ಕಣ್ಣಿಗೆ ಪುಟ ಎರಡೂ ಒಟ್ಟಿಗೆ ಕೊಟ್ಟು ನೋಡಿ. ಒಬ್ಬ ಹುಡುಗನಿಗೆ ಹಾಗೆ ಕೊಟ್ಟೆ. ಇಯರ್‌ಫೋನ್ ಹಾಕಿಕೊಂಡಿದ್ದರಿಂದ ಅವನು ಓದುತ್ತಿದ್ದಾನೆ ಅಂತ ಗೆಳೆಯರಿಗೆ ಗೊತ್ತೇ ಆಗಲಿಲ್ಲ. ಅವನಿಗೆ ಅದೇ ದೊಡ್ಡ ಅನುಕೂಲ.

ಕೊನೆಗೆ ನನ್ನ ಶಿಫಾರಸಿಗಿಂತ ಹೆಚ್ಚು ಕೆಲಸ ಮಾಡಿದ್ದು ಚೀಟಿ. ಅಂಗೈ ಅಗಲದ ಕಾಗದ, ಪಕ್ಕದಲ್ಲಿ ಪೆನ್ನು. ಓದಿದವರು ಏನು ಬೇಕಾದರೂ ಬರೆದು ಪುಸ್ತಕಕ್ಕೆ ಸಿಕ್ಕಿಸಬಹುದು. ಹೆಸರು ಬೇಡ. ಬೈಗುಳ ಇದ್ದರೆ ಮಾತ್ರ ತೆಗೆಯುತ್ತೇನೆ. ಎರಡು ವಾರ ಖಾಲಿ ಇತ್ತು. ಮೊದಲ ಚೀಟಿ ಬರೆದವನು ಅದೇ, ಚಾರ್ಜರ್ ಹುಡುಗ. ಅಕ್ಷರ ನೋಡಿ ಗೊತ್ತಾಯಿತು: ‘ಮೊದಲ 40 ಪುಟ ಬೋರ್. ಆಮೇಲೆ ಇಳಿಯೋ ಸ್ಟಾಪ್ ಮರೆತೆ.’ ಆ ಪುಸ್ತಕ ಆ ತಿಂಗಳು ಕಪಾಟಿಗೆ ವಾಪಸು ಬರಲೇ ಇಲ್ಲ, ಕೈಯಿಂದ ಕೈಗೆ ಹೋಯಿತು.

ಮೂವತ್ತರ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಒಂದು ಕಾದಂಬರಿ ಇತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ಹೋದ ತಿಂಗಳು ಅದಕ್ಕೂ ಒಂದು ಚೀಟಿ ಬಿತ್ತು: ‘ಇದು ಸರ್‌ಗೆ ತುಂಬಾ ಇಷ್ಟ. ನಿಮಗೆ ಆಗಲ್ಲ.’ ತೆಗೆಯಬೇಕು ಅನ್ನಿಸಿತು, ತೆಗೆಯಲಿಲ್ಲ. ಆಮೇಲೆ ಅದನ್ನು ಮೂವರು ಒಯ್ದಿದ್ದಾರೆ. ಒಬ್ಬಳು 50ನೇ ಪುಟಕ್ಕೆ ಬಿಟ್ಟಳು.