ಮುದ್ದೆ ಬಿಟ್ಟರೂ ಕಸುವು ಬಿಡಬಾರದು: ನಲವತ್ತೈದು ದಾಟಿದ ಓಟಗಾರರಿಗೆ ಕೀಟೊ ಕ್ರಮ

ಬೆಳಿಗ್ಗೆ ಪಾರ್ಕಿನಲ್ಲಿ ಓಡುವ, ಭಾನುವಾರ ನಂದಿಬೆಟ್ಟಕ್ಕೆ ಸೈಕಲ್ ಏರಿಸುವ ಐವತ್ತರ ಆಸುಪಾಸಿನವರಲ್ಲಿ ಕೀಟೊ (ಅನ್ನ, ಮುದ್ದೆಯಂಥ ಪಿಷ್ಟ ತೀರ ಇಳಿಸಿ ಕೊಬ್ಬಿನ ಮೇಲೆ ನಡೆಯುವ ಊಟದ ಕ್ರಮ) ಹಿಡಿದವರು ಈಗ ಅಪರೂಪವಲ್ಲ. ಕೆಲವರಿಗೆ ಸಕ್ಕರೆ ಅಂಚಿನಲ್ಲಿದೆ, ಕೆಲವರಿಗೆ ಹೊಟ್ಟೆ ಕರಗಬೇಕು. ಅನ್ನ, ಮುದ್ದೆ, ಚಪಾತಿ ಬಿಟ್ಟರೆ ತೂಕ ಇಳಿಯುತ್ತದೆ, ಅದರಲ್ಲಿ ಸಂಶಯವಿಲ್ಲ. ತೊಂದರೆ ಕಾಣಿಸುವುದು ಮೂರು ತಿಂಗಳ ಮೇಲೆ: ಪ್ಯಾಂಟು ಸಡಿಲವಾಗಿದೆ, ತೊಡೆಯೂ ಸಣ್ಣಗಾಗಿದೆ, ಏರು ಬಂದರೆ ಕಾಲು ಏಳುವುದಿಲ್ಲ. ಮೂವತ್ತರ ನಂತರ ಪ್ರತಿ ದಶಕಕ್ಕೂ ಸ್ನಾಯುವಿನ ಶೇ 3ರಿಂದ 8ರಷ್ಟು ತಾನಾಗಿಯೇ ಕರಗುತ್ತದೆ. ಆ ವಯಸ್ಸಿನಲ್ಲಿ ಪ್ರೋಟೀನ್ ಲೆಕ್ಕವಿಲ್ಲದೆ ಊಟ ಕಡಿಮೆ ಮಾಡಿದರೆ ಕರಗುವುದು ಬರೀ ಕೊಬ್ಬಲ್ಲ. ಹಾಗಾಗಿ ಇಲ್ಲಿ ಹೇಳುವ ಕ್ರಮದಲ್ಲಿ ಸ್ನಾಯುವಿಗೆ ಮೊದಲ ಜಾಗ, ತೂಕದ ಯಂತ್ರಕ್ಕೆ ಕೊನೆಯದು.

ಹೆಜ್ಜೆ 1: ಮೊದಲು ವೈದ್ಯರು, ಆಮೇಲೆ ಅಡುಗೆಮನೆ

ಸಕ್ಕರೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಹಳೆಯ ಪ್ರಮಾಣದಲ್ಲೇ ಔಷಧ ಮುಂದುವರಿಸಿ ಅನ್ನ ಬಿಟ್ಟರೆ, ಓಡುವಾಗಲೇ ಸಕ್ಕರೆ ಕುಸಿದು ಬೀಳಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಸಕ್ಕರೆ ಮಾತ್ರೆಗಳ ಅಪಾಯ ಇನ್ನೂ ಮೋಸದ್ದು. ಇವುಗಳ ಜೊತೆ ಕೀಟೊ ಸೇರಿದರೆ ಗ್ಲೂಕೊಮೀಟರಿನಲ್ಲಿ ಅಂಕಿ ಹೆಚ್ಚೇನೂ ಏರದಿದ್ದರೂ ರಕ್ತ ಆಮ್ಲೀಯವಾಗಿ ಐಸಿಯು ಸೇರಬೇಕಾದೀತು. ಬಿಪಿ ಮಾತ್ರೆ ನುಂಗುವವರಿಗೆ ಮೊದಲ ವಾರಗಳಲ್ಲೇ ಒತ್ತಡ ಇಳಿದು ತಲೆ ಸುತ್ತಬಹುದು. ಇವರೆಲ್ಲ ವೈದ್ಯರ ಜೊತೆ ಕೂತು ಔಷಧದ ಪ್ರಮಾಣ ಹೊಂದಿಸಿಕೊಳ್ಳದೆ ಒಂದು ದಿನವೂ ಶುರು ಮಾಡಬಾರದು. ಟೈಪ್ 1 ಮಧುಮೇಹ, ಕಿಡ್ನಿ ಕಾಯಿಲೆ, ಮೇದೋಜೀರಕದ ಉರಿಯೂತ ಇದ್ದವರು ಸ್ವಂತ ಬುದ್ಧಿಯಿಂದ ಇದಕ್ಕೆ ಕೈಹಾಕುವುದೇ ಬೇಡ.

ಉಳಿದವರು ಲಿಪಿಡ್ ಪ್ರೊಫೈಲ್, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಕ್ರಿಯಾಟಿನಿನ್ (ಕಿಡ್ನಿ ಕೆಲಸದ ಸೂಚಕ), ಯೂರಿಕ್ ಆಸಿಡ್ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ಮೂರು ತಿಂಗಳಿಗೆ ಮತ್ತೆ ಇವೇ ಬೇಕು.

ಹೆಜ್ಜೆ 2: ತಟ್ಟೆಯಲ್ಲಿ ಪ್ರೋಟೀನ್ ಮೊದಲು ಬೀಳಲಿ

ಕೀಟೊ ಎಂದರೆ ದಿನಕ್ಕೆ 20ರಿಂದ 50 ಗ್ರಾಂ ಕಾರ್ಬೊಹೈಡ್ರೇಟ್ (ಕಾರ್ಬ್). ಬೆವರು ಸುರಿಸುವವರು 50ರ ಕಡೆಗೇ ಇರಲಿ. 100 ಗ್ರಾಂ ಹಿಟ್ಟಿನ ಒಂದು ರಾಗಿಮುದ್ದೆಯಲ್ಲೇ ಸುಮಾರು 70 ಗ್ರಾಂ ಇದೆ, 100 ಗ್ರಾಂ ಅನ್ನದಲ್ಲಿ 28. ಅಂದರೆ ಇವೆರಡೂ ಲೆಕ್ಕದಿಂದಲೇ ಹೊರಗೆ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಎಡವುವುದು ಮುಂದೆ. ಮುದ್ದೆ ತೆಗೆದ ಜಾಗದಲ್ಲಿ ತುಪ್ಪ ಸುರಿದ ಸಾರು, ಒಂದು ಹಿಡಿ ಗೋಡಂಬಿ, ಬೆಣ್ಣೆ ಹಾಕಿದ ಕಾಫಿ ಬರುತ್ತವೆ. ಹೊಟ್ಟೆ ತುಂಬುತ್ತದೆ, ಸ್ನಾಯುವಿಗೆ ಏನೂ ಸಿಗುವುದಿಲ್ಲ.

ವಯಸ್ಸಾದ ಸ್ನಾಯು ಪ್ರೋಟೀನಿಗೆ ಸುಲಭವಾಗಿ ಓಗೊಡುವುದಿಲ್ಲ. ಇಪ್ಪತ್ತೈದರಲ್ಲಿ ಸಾಕಾಗುತ್ತಿದ್ದ ಪ್ರಮಾಣ ಐವತ್ತೈದರಲ್ಲಿ ಸಾಲದು. ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 1.2ರಿಂದ 1.6 ಗ್ರಾಂ, ಒಂದು ಹೊತ್ತಿಗೆ ಕೆ.ಜಿ.ಗೆ ಸುಮಾರು 0.4 ಗ್ರಾಂ ಎಂದು ಇಟ್ಟುಕೊಳ್ಳಿ. 70 ಕೆ.ಜಿ. ತೂಗುವವರಿಗೆ ದಿನಕ್ಕೆ 100 ಗ್ರಾಂ, ಹೊತ್ತಿಗೆ 28 ಗ್ರಾಂ ಆಸುಪಾಸು. ಬೆಳಿಗ್ಗೆ ಕಾಫಿಯಲ್ಲೇ ಕಳೆದು ಎಲ್ಲವನ್ನೂ ರಾತ್ರಿಗೆ ತಳ್ಳುವ ಅಭ್ಯಾಸ ಈ ವಯಸ್ಸಿಗೆ ಆಗಿಬರುವುದಿಲ್ಲ.

ಮಾಂಸಾಹಾರಿಗಳಿಗೆ ದಾರಿ ಸಲೀಸು. ಬೆಳಿಗ್ಗೆ 3 ಮೊಟ್ಟೆ ಮತ್ತು 50 ಗ್ರಾಂ ಪನೀರ್ ಸೇರಿದರೆ 27 ಗ್ರಾಂ. ಮಧ್ಯಾಹ್ನ 150 ಗ್ರಾಂ ಕೋಳಿಯ ಸುಕ್ಕ ಅಥವಾ ಪೆಪ್ಪರ್ ಡ್ರೈ, ರಾತ್ರಿ ಅಷ್ಟೇ ತೂಕದ ಬಂಗುಡೆ ಅಥವಾ ಬೂತಾಯಿ. ಒಂದೊಂದರಲ್ಲೂ ಹತ್ತಿರ ಹತ್ತಿರ 30. ಮಂಗಳೂರು ಕಡೆಯ ರವಾ ಫ್ರೈ ಬಿಟ್ಟು ಬರೀ ಮಸಾಲೆ ಹಚ್ಚಿ ತವಾದಲ್ಲಿ ಸುಟ್ಟರೆ ಆಯಿತು.

ಸಸ್ಯಾಹಾರಿಗಳು ಕಾಗದ ಪೆನ್ನು ಹಿಡಿದು ಕೂರಲೇಬೇಕು. ಬೇಳೆಯಲ್ಲಿ ಪ್ರೋಟೀನ್ ಇದೆ ಎಂದು ತೊಗರಿಬೇಳೆಯನ್ನು ನೆಚ್ಚಿದರೆ ಅದರ ಎರಡೂವರೆ ಪಟ್ಟು ಕಾರ್ಬ್ ಜೊತೆಗೇ ಬರುತ್ತದೆ. ಒಂದು ದಿನದ ಲೆಕ್ಕ ಹೀಗಿರಬಹುದು: ಬೆಳಿಗ್ಗೆ ದಪ್ಪಮೆಣಸಿನಕಾಯಿ ಹಾಕಿದ 100 ಗ್ರಾಂ ಪನೀರ್ ಬುರ್ಜಿ (18 ಗ್ರಾಂ) ಮತ್ತು ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿ ಅರ್ಧ ಸ್ಕೂಪ್ (12). ಮಧ್ಯಾಹ್ನ 40 ಗ್ರಾಂ ಒಣ ಸೋಯಾ ಚಂಕ್ಸ್ ನೆನೆಸಿ ಹಿಂಡಿ ಸಬ್ಬಸಿಗೆ ಅಥವಾ ಮೆಂತ್ಯ ಸೊಪ್ಪಿನ ಜೊತೆ ಪಲ್ಯ (21), 150 ಗ್ರಾಂ ಗಟ್ಟಿ ಮೊಸರು (5). ಸಂಜೆ 30 ಗ್ರಾಂ ಹುರಿದ ಕಡಲೆಕಾಯಿ ಬೀಜ (7). ರಾತ್ರಿ ಮತ್ತೆ 100 ಗ್ರಾಂ ಪನೀರ್, ಹೂಕೋಸಿನ ಪಲ್ಯ, ಉಳಿದರ್ಧ ಸ್ಕೂಪ್ (30). ಒಟ್ಟು 93 ಗ್ರಾಂ. ತರಕಾರಿಯದ್ದೂ ಸೇರಿಸಿ ಕಾರ್ಬ್ 40ರ ಸುತ್ತ. ಪುಡಿಯ ನೆರವಿಲ್ಲದೆ ಸಸ್ಯಾಹಾರಿ ಕೀಟೊದಲ್ಲಿ ಈ ಅಂಕಿ ಮುಟ್ಟುವುದು ಕಷ್ಟ. ಅದಕ್ಕೆ ಸಂಕೋಚ ಬೇಡ.

ಕಳ್ಳದಾರಿಯಲ್ಲಿ ನುಗ್ಗುವ ಕಾರ್ಬಿನ ಮೇಲೂ ಕಣ್ಣಿರಲಿ. ಲೋಟಕ್ಕೆ 100 ಮಿ.ಲೀ. ಹಾಲು ಹಾಕಿದ ಫಿಲ್ಟರ್ ಕಾಫಿ ಮೂರು ಸಲ ಕುಡಿದರೆ, ಸಕ್ಕರೆ ಹಾಕದಿದ್ದರೂ 15 ಗ್ರಾಂ ಮುಗಿಯಿತು. ಹೋಟೆಲಿನ ಚಟ್ನಿಗೆ ಹುರಿಗಡಲೆ, ಸಾಂಬಾರಿಗೆ ಬೇಳೆ ಬೆಲ್ಲ ಎರಡೂ ಬೀಳುತ್ತವೆ. ಮನೆಯಲ್ಲಿ ಚಟ್ನಿಗೆ ತೆಂಗಿನಕಾಯಿ ಮಾತ್ರ ಸಾಕು. ಉತ್ತರ ಕರ್ನಾಟಕದ ಅಗಸಿ ಹಿಂಡಿಯಂತೂ ಹೇಳಿ ಮಾಡಿಸಿದ್ದು: ಅಗಸೆಯ ಕಾರ್ಬಿನಲ್ಲಿ ಬಹುಪಾಲು ನಾರು, ಮಲಬದ್ಧತೆಗೂ ಮದ್ದು.

ರಾಗಿ ಬಿಟ್ಟವರು ಮರೆಯುವ ಇನ್ನೊಂದು ವಿಷಯ ಕ್ಯಾಲ್ಸಿಯಂ. 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ.ಗೂ ಹೆಚ್ಚು ಕ್ಯಾಲ್ಸಿಯಂ ಇರುವುದರಿಂದ, ಎರಡು ಹೊತ್ತು ಮುದ್ದೆ ಉಣ್ಣುತ್ತಿದ್ದವರು ಅದನ್ನು ಒಮ್ಮೆಲೇ ಕಳೆದುಕೊಳ್ಳುತ್ತಾರೆ. ಕ್ರೀಡಾ ಆಹಾರ ತಜ್ಞೆ ಲೂಯಿಸ್ ಬರ್ಕ್ ಅವರ ಆಸ್ಟ್ರೇಲಿಯಾದ ತಂಡ ಉನ್ನತ ಮಟ್ಟದ ವೇಗನಡಿಗೆಯ ಸ್ಪರ್ಧಿಗಳನ್ನು ಮೂರೂವರೆ ವಾರ ಕೀಟೊದಲ್ಲಿಟ್ಟು ನೋಡಿದಾಗ, ಮೂಳೆ ಸವೆತದ ಸೂಚಕಗಳು ಏರಿ, ಮೂಳೆ ಕಟ್ಟುವ ಸೂಚಕಗಳು ಇಳಿದಿದ್ದವು. ಮುಟ್ಟು ನಿಂತ ಮಹಿಳೆಯರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮೊಸರು, ಪನೀರ್, ಮುಳ್ಳು ಸಮೇತ ತಿನ್ನಬಹುದಾದ ಚಿಕ್ಕ ಮೀನು, ಸಿಪ್ಪೆ ತೆಗೆಯದ ಎಳ್ಳು ದಿನಕ್ಕೆ ಎರಡು ಚಮಚ, ಹರಿವೆ ಸೊಪ್ಪು ಇವೆಲ್ಲ ಸೇರಿ ದಿನಕ್ಕೆ 1000 ಮಿ.ಗ್ರಾಂ. ದಾಟಬೇಕು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿರದಿದ್ದರೆ ಶುರು ಮಾಡುವ ಮೊದಲೇ ಮಾಡಿಸಿ.

ಹೆಜ್ಜೆ 3: ಉಪ್ಪು

ಕೀಟೊ ಶುರುವಾದ ವಾರದಲ್ಲಿ ತಲೆನೋವು, ಸುಸ್ತು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಎದ್ದರೆ ಕಣ್ಣು ಕತ್ತಲೆ. ಇದನ್ನು ಸಕ್ಕರೆಯ ಚಟ ಬಿಡುವ ಕಷ್ಟ ಎಂದು ಸಹಿಸಿಕೊಂಡು ಕೂರುವವರೇ ಹೆಚ್ಚು. ಬಹುಪಾಲು ಅದು ಸೋಡಿಯಂ ಕೊರತೆ. ಇನ್ಸುಲಿನ್ ಇಳಿದಾಗ ಕಿಡ್ನಿ ಸೋಡಿಯಮ್ಮನ್ನು ಹಿಡಿದಿಡುವುದಿಲ್ಲ, ಮೂತ್ರದಲ್ಲಿ ಬಿಟ್ಟುಬಿಡುತ್ತದೆ. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೊಜನ್ ಖಾಲಿಯಾಗುವಾಗ ಒಂದು ಗ್ರಾಮಿಗೆ ಸುಮಾರು 3 ಗ್ರಾಂ ನೀರೂ ಹೊರಟುಹೋಗುತ್ತದೆ. ಮೊದಲ ವಾರ ಇಳಿಯುವ ಒಂದೆರಡು ಕೆ.ಜಿ. ಹೆಚ್ಚಿನಂಶ ಈ ನೀರೇ. ಮೇಲಿಂದ ಓಟದ ಬೆವರು ಬೇರೆ. ಆಗ ಬರೀ ನೀರು ಕುಡಿದಷ್ಟೂ ಉಪ್ಪು ಇನ್ನೂ ತೆಳುವಾಗುತ್ತದೆ.

ಬಿಪಿ, ಹೃದಯ, ಕಿಡ್ನಿ ಸರಿಯಿದ್ದವರು ದಿನದ ಊಟದ ಉಪ್ಪಿನ ಮೇಲೆ ಇನ್ನೊಂದು ಮಟ್ಟಸ ಟೀ ಚಮಚ, ಅಂದರೆ 5 ಗ್ರಾಂ, ಮೂರ್ನಾಲ್ಕು ಕಂತಿನಲ್ಲಿ ತೆಗೆದುಕೊಳ್ಳಲಿ. ಅದರಲ್ಲಿ ಸುಮಾರು 2 ಗ್ರಾಂ ಸೋಡಿಯಂ ಇದೆ. ಒಂದೇ ಸಲ ನೀರಿಗೆ ಕಲಸಿ ಕುಡಿದರೆ ಭೇದಿಯಾಗುತ್ತದೆ. ಇದಕ್ಕೆ ಸೊಗಸಾದ ದಾರಿ ಸೊಪ್ಪಿನ ಕಟ್ಟು. ದಂಟಿನ ಸೊಪ್ಪೋ ಪಾಲಕ್ಕೋ ಎರಡು ಹಿಡಿ, ಎರಡು ಲೋಟ ನೀರಿನಲ್ಲಿ ಬೇಯಿಸಿ ಬಸಿಯಿರಿ. ಸೊಪ್ಪಿನ ಪೊಟ್ಯಾಸಿಯಂ ಅರ್ಧಕ್ಕರ್ಧ ಆ ನೀರಿಗೆ ಇಳಿದಿರುತ್ತದೆ, ಚೆಲ್ಲಬೇಡಿ. ಕುಟ್ಟಿದ ಮೆಣಸು ಜೀರಿಗೆ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿಗೆ ತುಪ್ಪದ ಒಗ್ಗರಣೆ ಕೊಟ್ಟು, ಕಾಲು ಚಮಚ ಉಪ್ಪು ಹೆಚ್ಚಿಗೆ ಹಾಕಿ ಒಂದು ಕುದಿ ಬರಿಸಿ. ಓಡಲು ಹೊರಡುವ ಮುಕ್ಕಾಲು ಗಂಟೆ ಮುಂಚೆ ಒಂದು ಲೋಟ ಬಿಸಿಬಿಸಿ ಕುಡಿದರೆ ಕಾಲು ಹಗುರವಾಗುವುದು ಅದೇ ದಿನ ಗೊತ್ತಾಗುತ್ತದೆ. ಮಾಂಸ ತಿನ್ನುವವರಿಗೆ ಕಾಲು ಸೂಪು ಇದ್ದೇ ಇದೆ. ಬೇಸಿಗೆಗೆ ನೀರು ಮಜ್ಜಿಗೆ. ಎಳನೀರಿನಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ, ಆದರೆ ಲೋಟಕ್ಕೆ ಹತ್ತು ಗ್ರಾಮಿನಷ್ಟು ಸಕ್ಕರೆಯೂ ಇದೆ. ದೂರದ ಓಟದ ದಿನಕ್ಕೆ ಇಟ್ಟುಕೊಳ್ಳಿ. ಓಆರ್‌ಎಸ್ ಲೀಟರಿನಲ್ಲಿ 13.5 ಗ್ರಾಂ ಗ್ಲೂಕೋಸ್ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಉಪ್ಪು ಸರಿಪಡಿಸಿದ ಮೇಲೂ ಎದೆಬಡಿತ ತಪ್ಪಿದಂತೆ ಅನಿಸಿದರೆ ಓಟ ನಿಲ್ಲಿಸಿ ಇಸಿಜಿ ಮಾಡಿಸಿ.

ಹೆಜ್ಜೆ 4: ಮೊದಲ ಆರು ವಾರ ಓಟ ಹೇಗೆ

ಮೊದಲ ಎರಡು ವಾರ ದೂರವನ್ನು ಅರ್ಧಕ್ಕಿಳಿಸಿ. ಇಂಟರ್ವಲ್ (ಜೋರು, ನಿಧಾನ ಸರದಿಯ ಓಟ) ಬೇಡ, ಬೆಟ್ಟ ಬೇಡ. ಹಳೆಯ ವೇಗದಲ್ಲೇ ಓಡಿದರೂ ಎದೆಬಡಿತ ಹೆಚ್ಚಿರುತ್ತದೆ, ಗಡಿಯಾರ ನೋಡಿ ಕಂಗಾಲಾಗಬೇಡಿ. ಮೂರನೇ ವಾರದಿಂದ ಸ್ವಲ್ಪಸ್ವಲ್ಪವೇ ದೂರ ಏರಿಸಿ, ಆರನೇ ವಾರಕ್ಕೆ ಹಳೆಯ ಜಾಗಕ್ಕೆ ಬನ್ನಿ. ಈ ಅವಧಿಯ ಓಟವೆಲ್ಲ ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡಬಲ್ಲಷ್ಟು ನಿಧಾನ. ಅಂಕಿ ಬೇಕೆಂದರೆ, ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಿರಿ. ಐವತ್ತರವರಿಗೆ ಗರಿಷ್ಠ ಬಡಿತ 173. ಅದರ ಶೇ 65ರಿಂದ 75, ಅಂದರೆ 112ರಿಂದ 130ರ ನಡುವೆ ಓಡಿ. ಬಡಿತ ತಗ್ಗಿಸುವ ಮಾತ್ರೆ ತಿನ್ನುವವರಿಗೆ ಈ ಲೆಕ್ಕ ಹೊಂದುವುದಿಲ್ಲ, ಮಾತಿನ ಪರೀಕ್ಷೆಯೇ ಸರಿ.

ನಿಧಾನದ ಓಟದಲ್ಲಿ ಕೀಟೊ ಕೈಕೊಡುವುದಿಲ್ಲ ಎಂದು ಧೈರ್ಯವಾಗಿ ಹೇಳಬಹುದು. 1983ರಲ್ಲಿ ಅಮೆರಿಕದ ಸಂಶೋಧಕ ಸ್ಟೀಫನ್ ಫಿನ್ನಿ ಐವರು ನುರಿತ ಸೈಕಲ್ ಪಟುಗಳನ್ನು ನಾಲ್ಕು ವಾರ ಕೀಟೊದಲ್ಲಿಟ್ಟಾಗ, ಮಧ್ಯಮ ವೇಗದಲ್ಲಿ ಅವರ ತಾಳಿಕೆ ಒಟ್ಟಾರೆ ಕುಗ್ಗಲಿಲ್ಲ. ಜೋರಿನ ಓಟದ ಕಥೆ ಬೇರೆ. ಅಷ್ಟೇ ಶಕ್ತಿ ಹುಟ್ಟಿಸಲು ಕೊಬ್ಬಿಗೆ ಕಾರ್ಬಿಗಿಂತ ಶೇ 7ರಷ್ಟು ಹೆಚ್ಚು ಆಮ್ಲಜನಕ ಬೇಕು. ಉಸಿರಿನ ಮಿತಿಯಲ್ಲಿ ಓಡುವಾಗ ಅದೇ ದುಬಾರಿ. ಬರ್ಕ್ ತಂಡದ 2017ರ ಅಧ್ಯಯನದಲ್ಲಿ ಕಾರ್ಬ್ ತಿಂದ ಸ್ಪರ್ಧಿಗಳು 10 ಕಿ.ಮೀ. ವೇಗನಡಿಗೆಯಲ್ಲಿ ಸುಧಾರಿಸಿದರು, ಕೀಟೊದವರು ಸುಧಾರಿಸಲಿಲ್ಲ. ಬೆಂಗಳೂರಿನ 10ಕೆ ಓಟದಲ್ಲಿ ನಿಮ್ಮ ಅತ್ಯುತ್ತಮ ಸಮಯ ಬರಬೇಕು ಎಂಬುದೇ ಗುರಿಯಾದರೆ ಕೀಟೊ ತಕ್ಕ ಆಹಾರವಲ್ಲ. ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್‌ನಲ್ಲಿ ಕಾಲುವೆ ಏರಿಯ ಮೇಲೆ ಒಂದೇ ಹದದಲ್ಲಿ ಹಾಫ್ ಮ್ಯಾರಥಾನ್ ಮುಗಿಸುವುದು ಗುರಿಯಾದರೆ ಧಾರಾಳವಾಗಿ ಹೊಂದುತ್ತದೆ.

ನಡುದಾರಿಯೂ ಇದೆ. ವಾರಕ್ಕೊಮ್ಮೆ ಜೋರು ಅಭ್ಯಾಸವಿದ್ದ ದಿನ, ಅರ್ಧ ಗಂಟೆ ಮುಂಚೆ ಎರಡು ಏಲಕ್ಕಿ ಬಾಳೆಹಣ್ಣು, ಸುಮಾರು 25 ಗ್ರಾಂ ಕಾರ್ಬ್. ಅಭ್ಯಾಸದಲ್ಲೇ ಅದು ಉರಿದುಹೋಗುತ್ತದೆ. ಇದನ್ನು ವ್ರತಭಂಗ ಎಂದುಕೊಳ್ಳಬೇಕಿಲ್ಲ.

ಹೆಜ್ಜೆ 5: ವಾರಕ್ಕೆ ಎರಡು ದಿನ ಭಾರ

ಓಟವೊಂದೇ ಸ್ನಾಯು ಉಳಿಸುವುದಿಲ್ಲ. ಸ್ಕ್ವಾಟ್, ಸೊಂಟದಿಂದ ಬಾಗಿ ಎತ್ತುವುದು, ತಳ್ಳುವುದು, ಎಳೆಯುವುದು, ಹೊತ್ತು ನಡೆಯುವುದು: ಈ ಐದು ಚಲನೆ, ಒಂದೊಂದಕ್ಕೂ 3 ಸುತ್ತು, ಸುತ್ತಿಗೆ 6ರಿಂದ 8 ಸಲ. ಇನ್ನೂ ಎರಡು ಸಲ ಎತ್ತಬಲ್ಲೆ ಎನ್ನುವಾಗ ಇಳಿಸಿ. ನಡುವೆ ಎರಡು ಮೂರು ನಿಮಿಷ ಬಿಡುವು. ಸುತ್ತಿಗೆ ಇಪ್ಪತ್ತು ಸಲದ ಕಸರತ್ತು ಗ್ಲೈಕೊಜನ್ ಕೇಳುತ್ತದೆ, ಕೀಟೊದಲ್ಲಿ ಅದೇ ಕಡಿಮೆ. ಕಡಿಮೆ ಸಲ, ಹೆಚ್ಚು ಭಾರದ ಎತ್ತುವಿಕೆಗೆ ಸ್ನಾಯುವಿನ ತಕ್ಷಣದ ಇಂಧನವಾದ ಕ್ರಿಯಾಟಿನ್ ಫಾಸ್ಫೇಟಿನ ಆಸರೆ ಹೆಚ್ಚು, ಅದಕ್ಕೆ ಊಟದ ಕಾರ್ಬ್ ಅಷ್ಟಾಗಿ ಬೇಕಿಲ್ಲ. ದಿನಕ್ಕೆ 3ರಿಂದ 5 ಗ್ರಾಂ ಕ್ರಿಯಾಟಿನ್ ಪುಡಿ, ಮುಖ್ಯವಾಗಿ ಸಸ್ಯಾಹಾರಿಗಳಿಗೆ, ಕೊಟ್ಟ ಕಾಸಿಗೆ ಮೋಸವಿಲ್ಲದ ವಸ್ತು. ತಿನ್ನುತ್ತಿದ್ದರೆ ರಕ್ತ ಪರೀಕ್ಷೆಗೆ ಮುಂಚೆ ವೈದ್ಯರಿಗೆ ಹೇಳಿ, ವರದಿಯಲ್ಲಿ ಕ್ರಿಯಾಟಿನಿನ್ ತುಸು ಹೆಚ್ಚಿರುತ್ತದೆ. ಜಿಮ್ ಇಲ್ಲದಿದ್ದರೆ ನೀರು ತುಂಬಿದ ಎರಡು ಬಕೆಟ್ ಹಿಡಿದು ತಾರಸಿಯ ಉದ್ದಕ್ಕೂ ನಡೆಯಿರಿ.

ಹೆಜ್ಜೆ 6: ನಡೆಯುತ್ತಿದೆಯೇ ಇಲ್ಲವೇ

ಕೊಬ್ಬು ಉರಿದಾಗ ರಕ್ತದಲ್ಲಿ ಏರುವ ಕೀಟೋನನ್ನು ಅಳೆಯುವ ಮೀಟರ್ 0.5ರ ಮೇಲೆ ತೋರಿಸಿದರೆ ಸಾಕು. ಅಂಕಿ ಏರಿದಷ್ಟೂ ಓಟ ಸುಧಾರಿಸುತ್ತದೆ ಎಂದೇನಿಲ್ಲ. ನೋಡಬೇಕಾದದ್ದು ಬೇರೆ: ಕುರ್ಚಿಯಿಂದ ಕೈಯೂರದೆ 30 ಸೆಕೆಂಡಿನಲ್ಲಿ ಎಷ್ಟು ಸಲ ಏಳುತ್ತೀರಿ, ಸ್ಕ್ವಾಟಿನ ಭಾರ ಎಷ್ಟು, ಸೊಂಟದ ಸುತ್ತಳತೆ ಎಷ್ಟು. ತಿಂಗಳಿಗೊಮ್ಮೆ ಬರೆದಿಡಿ. ಸುತ್ತಳತೆಯ ಜೊತೆ ಸ್ಕ್ವಾಟಿನ ಭಾರವೂ ಇಳಿಯುತ್ತಿದ್ದರೆ ಪ್ರೋಟೀನ್ ಅಥವಾ ಒಟ್ಟು ಊಟ ಸಾಲುತ್ತಿಲ್ಲ.

ಮೂರು ತಿಂಗಳ ರಕ್ತ ಪರೀಕ್ಷೆಯಲ್ಲಿ ಕೆಲವರ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಜೋರಾಗಿ ಏರಿರುತ್ತದೆ. ತೆಳ್ಳಗಿದ್ದು ಚೆನ್ನಾಗಿ ಓಡುವವರಲ್ಲೇ ಇದು ಹೆಚ್ಚು. ಟ್ರೈಗ್ಲಿಸರೈಡ್ ಇಳಿದಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುವುದು ಸರಿಯಲ್ಲ; ಐವತ್ತರ ಹೃದಯಕ್ಕೆ ಎಲ್‌ಡಿಎಲ್ ಲೆಕ್ಕಕ್ಕಿದೆ. ತುಪ್ಪ, ಕೊಬ್ಬರಿ ಎಣ್ಣೆಯ ಬಹುಪಾಲನ್ನು ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ, ಮೀನಿಗೆ ಬದಲಿಸಿ ಆರು ವಾರ ನೋಡಿ. ಇಳಿಯದಿದ್ದರೆ ವೈದ್ಯರಿಗೆ ತೋರಿಸಿ, ಕಾರ್ಬನ್ನು ದಿನಕ್ಕೆ 80ರಿಂದ 100 ಗ್ರಾಮಿಗೆ ಏರಿಸಿ. ಹಲವರಲ್ಲಿ ಅಷ್ಟಕ್ಕೇ ಎಲ್‌ಡಿಎಲ್ ಇಳಿಯುತ್ತದೆ. ಏರಿಸುವಾಗ ಮೊದಲು ಸೇರಿಸಬೇಕಾದದ್ದು ಅರ್ಧ ಮುದ್ದೆ, ಅದೂ ಭಾರ ಎತ್ತಿದ ದಿನದ ಮಧ್ಯಾಹ್ನ, ಸೊಪ್ಪಿನ ಸಾರು ಮತ್ತು ಎರಡು ಮೊಟ್ಟೆಯ ಜೊತೆ.