ಅಮ್ಮನ ಜರ್ಮನಿ ಪ್ರಯಾಣ ಮತ್ತು ವಿಮೆಯ ಪ್ರೀಮಿಯಂ

ಮ್ಯೂನಿಕ್‌ನಲ್ಲಿರುವ ತಂಗಿಯ ಬಾಣಂತನಕ್ಕೆಂದು ಹೊರಟಿದ್ದ, ಸಕ್ಕರೆ ಕಾಯಿಲೆಯಿರುವ ನಮ್ಮ 67 ವರ್ಷದ ಅಮ್ಮನಿಗೆ ಪ್ರಯಾಣ ವಿಮೆ ಮಾಡಿಸಲು ಹೋದಾಗ, ಏಜೆಂಟರು ಹೇಳಿದ ಪ್ರೀಮಿಯಂ ವಿಮಾನದ ಟಿಕೆಟ್ಟಿನ ಕಾಲುಭಾಗದಷ್ಟಿತ್ತು. ವಯಸ್ಸಾದವರಿಗೆ ಇಷ್ಟಾಗುವುದು ಸಹಜವೆಂದು ಅವರು ಸಮಾಧಾನ ಹೇಳಿದರೂ, ಮನೆಗೆ ಬಂದು ಆ ಕಾಗದವನ್ನು ಸಾಲುಸಾಲಾಗಿ ಓದಿದಾಗ ನಿಜವಾದ ಕಾರಣ ತಿಳಿಯಿತು: ವ್ಯಾಪ್ತಿಯ ಜಾಗದಲ್ಲಿ ‘ಅಮೆರಿಕ, ಕೆನಡಾ ಸೇರಿ ವಿಶ್ವದಾದ್ಯಂತ’ ಎಂದೂ ಅವಧಿಯ ಜಾಗದಲ್ಲಿ 180 ದಿನವೆಂದೂ ಇತ್ತು.

ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಅನ್ವಯಿಸುವ ಷೆಂಗೆನ್ ವೀಸಾದಲ್ಲಿ ಅಮ್ಮ ಅಲ್ಲಿ ಇರಬಹುದಾದದ್ದೇ ಹೆಚ್ಚೆಂದರೆ 90 ದಿನ. ವೀಸಾಕ್ಕೆ ಬೇಕಾದ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಾಗಿದ್ದು, ತುರ್ತು ಚಿಕಿತ್ಸೆಯನ್ನೂ ಸ್ವದೇಶಕ್ಕೆ ಮರಳಿಸುವ ವೆಚ್ಚವನ್ನೂ ಒಳಗೊಂಡು ಎಲ್ಲ ಷೆಂಗೆನ್ ದೇಶಗಳಲ್ಲೂ ಅನ್ವಯಿಸಿದರೆ ಸಾಕು. ಅಮೆರಿಕದಲ್ಲಿ ಆಸ್ಪತ್ರೆಯ ಖರ್ಚು ವಿಪರೀತವಾದ್ದರಿಂದ ಆ ದೇಶ ಸೇರಿದೊಡನೆ ಪ್ರೀಮಿಯಂ ಏರುತ್ತದೆ. ಅಮ್ಮನಿಗೋ ಮ್ಯೂನಿಕ್ಕೇ ದೂರದ ಊರು.

ಷೆಂಗೆನ್ ದೇಶಗಳಿಗೆ ಮಾತ್ರ, 84 ದಿನಗಳಿಗೆ, 50,000 ಯೂರೊ ಮೊತ್ತದ ಪಾಲಿಸಿ ಕೇಳಿದಾಗ ಪ್ರೀಮಿಯಂ ಅರ್ಧಕ್ಕಿಂತ ಕೆಳಗಿಳಿಯಿತು. ಸಕ್ಕರೆ ಕಾಯಿಲೆಯನ್ನು ಬರೆಯುವುದು ಬೇಡವೆಂಬ ಸಲಹೆಯನ್ನು ಮಾತ್ರ ಒಪ್ಪಲಿಲ್ಲ, ಏಕೆಂದರೆ ಮುಚ್ಚಿಟ್ಟದ್ದು ಗೊತ್ತಾದರೆ ಕ್ಲೇಮನ್ನೇ ತಿರಸ್ಕರಿಸಬಹುದು. ಹಳೆಯ ಕಾಯಿಲೆಯಿಂದ ಪ್ರಾಣಾಪಾಯವಾದಾಗ ಎಷ್ಟು ಕೊಡುತ್ತಾರೆಂಬ ಸಾಲಿನ ಕೆಳಗೆ ಗೆರೆ ಎಳೆದು, ಪಾಲಿಸಿಯ ಪ್ರತಿಯನ್ನು ಮಾತ್ರೆಗಳ ಡಬ್ಬಿಯೊಂದಿಗೆ ಅಮ್ಮನ ಕೈಚೀಲದಲ್ಲಿಟ್ಟೆ.