ಎನ್‌ಎಸ್‌ಎಸ್‌ ಸೇರಿದವರು ಮೊದಲ ದಿನದಿಂದಲೇ ಡೈರಿ ಇಡಿ

ಕೋಲಾರದ ಕಡೆ ಈ ವರ್ಷ ಡಿಗ್ರಿ ಸೇರಿರೋ ತಮ್ಮ ತಂಗಿಯರೇ, ಎನ್‌ಎಸ್‌ಎಸ್‌ಗೆ (ರಾಷ್ಟ್ರೀಯ ಸೇವಾ ಯೋಜನೆಗೆ) ಹೆಸರು ಕೊಟ್ಟಿದ್ರೆ ಒಂದು ಡೈರಿ ಇಡಿ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ 7 ದಿನದ ವಿಶೇಷ ಶಿಬಿರ ಮುಗಿಸಬೇಕು. ತಾರೀಖು, ಊರು, ಎಷ್ಟು ಗಂಟೆ ಅಂತ ಬರೆದು ಅವತ್ತೇ ಕಾರ್ಯಕ್ರಮಾಧಿಕಾರಿಗಳ ಸಹಿ ಹಾಕಿಸಿಕೊಳ್ಳಿ. ನಾನು ಆಮೇಲೆ ನೋಡೋಣ ಅಂತ ಬಿಟ್ಟು ಕೊನೆಗೆ ಲೆಕ್ಕ ಹೊಂದಿಸೋಕೆ ಪರದಾಡಿದೆ.

ಶಿಬಿರದಲ್ಲಿ ಅಡುಗೆ ಜವಾಬ್ದಾರಿ ಕೇಳಿ ತಗೊಳ್ಳಿ. ಐವತ್ತು ಜನಕ್ಕೆ ಮುದ್ದೆ, ಬಸ್ಸಾರು ರಾತ್ರಿ ಎಂಟಕ್ಕೆ ರೆಡಿಯಾಗಬೇಕು ಅಂದ್ರೆ ಸೊಪ್ಪು ಬಿಡಿಸೋರು ಯಾರು, ಕೋಲು ಹಿಡಿದು ಹಿಟ್ಟು ತಿರುವೋರು ಯಾರು ಅಂತ ಹಂಚಬೇಕು, ಮುನಿಸಿಕೊಂಡವರನ್ನ ಸಮಾಧಾನ ಮಾಡಬೇಕು. ನಾಯಕತ್ವ ಅಂದ್ರೇನು ಅಂತ ನನಗೆ ಅರ್ಥವಾಗಿದ್ದು ಆ ಒಲೆ ಮುಂದೆಯೇ.

ಕಲ್ಯಾಣಿ ಹೂಳೆತ್ತುವಾಗ ಊರಿನ ಹಿರಿಯರನ್ನ ಮಾತಾಡಿಸಿ. ನೀರು ಯಾವ ಕಾಲುವೆಯಿಂದ ಬರ್ತಿತ್ತು ಅಂತ ಅವರಿಗೆ ಗೊತ್ತಿರುತ್ತೆ. ಅದನ್ನೂ ಡೈರಿಗೆ ಬರ್ಕೊಳ್ಳಿ.